ಫಿನ್‌ಲ್ಯಾಂಡಿನಲ್ಲಿ ಒಂದು ಸೆಮಿಸ್ಟರ್: ಚಳಿಗೆ ಸ್ವೆಟರ್ ಇದೆ, ಕತ್ತಲಿಗೆ?

ಕೇಳಿದವರು ದಾವಣಗೆರೆಯ ಇಂಜಿನಿಯರಿಂಗ್ ವಿದ್ಯಾರ್ಥಿನಿ: "ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಫಿನ್‌ಲ್ಯಾಂಡಿನ ಔಲುವಿಗೆ ಎಕ್ಸ್‌ಚೇಂಜ್ ಮೇಲೆ ಹೋಗುತ್ತಿದ್ದೇನೆ. ನಾನು ಕಂಡ ದೊಡ್ಡ ಚಳಿ ಅಂದರೆ ಚಿಕ್ಕಮಗಳೂರಿನದ್ದು. ಸಸ್ಯಾಹಾರಿ. ಇಲ್ಲಿಂದ ಏನು ಒಯ್ಯಲಿ, ಅಲ್ಲಿ ಏನು ಕೊಳ್ಳಲಿ? ಅಮ್ಮ ಈಗಲೇ ಐದು ಸ್ವೆಟರ್ ತೆಗೆದಿಟ್ಟಿದ್ದಾರೆ."

ಔಲುವಿನಲ್ಲಿ ಓದಿ ಬಂದ ಸಾಗರದವಳು:

ನಾಲ್ಕು ಸ್ವೆಟರ್ ವಾಪಸ್ ಬೀರುವಿಗೆ ಹೋಗಲಿ. ಅಲ್ಲಿ ಮನೆ, ಕ್ಲಾಸು, ಬಸ್ಸು ಎಲ್ಲಾ ಬೆಚ್ಚಗೇ ಇರುತ್ತವೆ. ರೂಮಿನೊಳಗೆ 20-21 ಡಿಗ್ರಿ, ನಾನು ಟೀ ಶರ್ಟಿನಲ್ಲೇ ಇರುತ್ತಿದ್ದೆ. ದಪ್ಪ ಸ್ವೆಟರ್ ಹಾಕಿ ಕ್ಲಾಸಿನಲ್ಲಿ ಕೂತರೆ ಬೆವರುತ್ತೀರಿ. ಆ ಬೆವರಿನಲ್ಲೇ ಹೊರಗೆ ಬಂದರೆ ನಡುಕ ಶುರು. ಮೈಗೆ ಅಂಟುವ ತೆಳು ಉಣ್ಣೆಯ ಒಳಬಟ್ಟೆ ಎರಡು ಜೊತೆ, ಅದರ ಮೇಲೊಂದು ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಇಷ್ಟು ಸಾಕು. ಒಳಗೆ ಹತ್ತಿ ಬನಿಯನ್ ಬೇಡ, ಒದ್ದೆಯಾದರೆ ಬೇಗ ಒಣಗುವುದಿಲ್ಲ. ಜಾಕೆಟ್ಟು, ಬೂಟು ಅಲ್ಲೇ ಕಿರ್ಪ್ಪಿಸ್‌ನಲ್ಲಿ ಕೊಳ್ಳಿ. ಕಿರ್ಪ್ಪಿಸ್ ಅಂದರೆ ಸೆಕೆಂಡ್ ಹ್ಯಾಂಡ್ ಅಂಗಡಿ, ಅಲ್ಲಿನವರೂ ಧಾರಾಳವಾಗಿ ಹೋಗುತ್ತಾರೆ, ನಾಚಿಕೆ ಏನಿಲ್ಲ. ಬೂಟು ಒಂದು ಸೈಜು ದೊಡ್ಡದಿರಲಿ. ಒಳಗೆ ಉಣ್ಣೆ ಸಾಕ್ಸ್ ಹಿಡಿಯಬೇಕಲ್ಲ.

ಮೈನಸ್ 20ಕ್ಕೆ ಹೆದರಬೇಡಿ. ಮೂಗಿನೊಳಗಿನ ಕೂದಲು ಗಟ್ಟಿಯಾಗಿ ಚುಚ್ಚುತ್ತದೆ. ಫೋನು ಅರ್ಧ ಬ್ಯಾಟರಿ ಇದ್ದರೂ ಪಕ್ಕನೆ ಆಫ್ ಆಗುತ್ತದೆ, ಒಳಜೇಬಿನಲ್ಲಿಡಿ. ಹೆದರಬೇಕಾದ್ದು ಸೊನ್ನೆ ಡಿಗ್ರಿಗೆ. ಕರಗಿದ ಹಿಮ ರಾತ್ರಿ ಮತ್ತೆ ಗಟ್ಟಿಯಾಗಿ, ಮೇಲೆ ತೆಳ್ಳಗೆ ನೀರು ನಿಂತರೆ ರಸ್ತೆ ಎಣ್ಣೆ ಸವರಿದ ಗಾಜಿನಂತೆ. ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಬಸ್‌ಸ್ಟಾಪಿನ ಮುಂದೆ ಅಂಗಾತ ಬಿದ್ದೆ. ಕೈಯಲ್ಲಿದ್ದ ಹಾಲಿನ ಡಬ್ಬ ಜಾರುತ್ತಾ ಜಾರುತ್ತಾ ರಸ್ತೆಯ ಆಚೆ ಬದಿಗೆ ಹೋಗಿ ನಿಂತಿತು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಅದನ್ನು ಎತ್ತಿಕೊಂಡು ಟಕ್ ಟಕ್ ಅಂತ ನಡೆದು ಬಂದು ಕೊಟ್ಟರು. ಆಮೇಲೆ ಒಂದು ಕಾಲೆತ್ತಿ ಬೂಟಿನ ಅಡಿ ತೋರಿಸಿದರು. ಸಣ್ಣ ಸಣ್ಣ ಮೊಳೆ! ಮಾತಿಲ್ಲ, ಕತೆಯಿಲ್ಲ, ಹೊರಟೇಹೋದರು. ಬೂಟಿಗೆ ಸಿಕ್ಕಿಸುವ ಮೊಳೆಪಟ್ಟಿ ಸಿಗುತ್ತದೆ, ಅವತ್ತೇ ಕೊಂಡೆ. ನೀವು ಬೀಳುವ ಮೊದಲೇ ಕೊಳ್ಳಿ.

ಈಗ ನಿಜವಾದ ವಿಷಯ. ನೀವು ಇಳಿಯುವಾಗ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಖುಷಿಯೋ ಖುಷಿ. ಡಿಸೆಂಬರ್ ಕೊನೆಗೆ ಹತ್ತೂವರೆಗೆ ಸೂರ್ಯ ಹುಟ್ಟಿ ಎರಡಕ್ಕೆಲ್ಲಾ ಮುಳುಗುತ್ತಾನೆ. ನನ್ನನ್ನು ಕೆಡವಿದ್ದು ಮಾತ್ರ ನವೆಂಬರ್. ಆಗ ಇನ್ನೂ ಹಿಮ ಸರಿಯಾಗಿ ನಿಂತಿರುವುದಿಲ್ಲ, ನೆಲವೂ ಬೂದಿ, ಆಕಾಶವೂ ಬೂದಿ. ಹಿಮ ಕೂತ ಮೇಲೆ ಬೀದಿದೀಪದ ಬೆಳಕೇ ಬೆಳದಿಂಗಳಂತೆ ಹರಡುತ್ತದೆ, ಅಷ್ಟು ಕಷ್ಟವಾಗುವುದಿಲ್ಲ. ಆ ತಿಂಗಳು ಎರಡು ವಾರ ಕ್ಲಾಸಿಗೇ ಹೋಗಲಿಲ್ಲ. ಮಧ್ಯಾಹ್ನ ಏಳುವುದು, ಮನೆಗೆ ಫೋನ್ ಮಾಡಿ "ಚೆನ್ನಾಗಿದ್ದೀನಿ" ಅನ್ನುವುದು. ಮೈ ಸರಿಯಿಲ್ಲ ಅಂದುಕೊಂಡಿದ್ದೆ. ಬೆಳಕಿಲ್ಲದ್ದಕ್ಕೆ ಹೀಗೆ ಅಂತ ಹೊಳೆಯಲೇ ಇಲ್ಲ.

ಎಬ್ಬಿಸಿದ್ದು ಊಟ. ಅಲ್ಲಿ ಹನ್ನೊಂದಕ್ಕೆಲ್ಲಾ ಮಧ್ಯಾಹ್ನದ ಊಟಕ್ಕೆ ಕೂರುತ್ತಾರೆ. ಪಕ್ಕದ ರೂಮಿನ ಹುಡುಗಿ ದಿನಾ ಆ ಹೊತ್ತಿಗೆ ಬಾಗಿಲು ತಟ್ಟತೊಡಗಿದಳು. ಊಟ ಮುಗಿಸಿ ಇಬ್ಬರೂ ಸಮುದ್ರದ ಕಡೆ ಅರ್ಧ ಗಂಟೆ ನಡೆಯುತ್ತಿದ್ದೆವು, ಇದ್ದಬದ್ದ ಬೆಳಕೆಲ್ಲಾ ಆಗಲೇ ಅಲ್ವಾ. ನೀವೂ ಅಲ್ಲಿಗೆ ಹೋದ ಮೊದಲ ವಾರದಲ್ಲೇ ಹೀಗೆ ಯಾರಾದರೂ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಅಲ್ಲಿನ ಹಾಲಿಗೆ ಡಿ ವಿಟಮಿನ್ ಸೇರಿಸಿಯೇ ಮಾರುತ್ತಾರೆ. ಆದರೂ ಹೊರಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಕತ್ತಲಲ್ಲಿ ನಡೆಯುವಾಗ ಹೊಳೆಯುವ ಬಿಲ್ಲೆ ಬೇಕೇ ಬೇಕು. ಜಾಕೆಟ್ಟಿಗೆ ನೇತುಹಾಕಿಕೊಳ್ಳಿ.

ಫಿನ್‌ಲ್ಯಾಂಡಿನದೇ ಇನ್ನೊಂದು ಊರು ತಾಂಪೆರೆಯಲ್ಲಿದ್ದವನು:

ಊಟಕ್ಕೆ ಚಿಂತೆ ಬೇಡ. ವಿದ್ಯಾರ್ಥಿಗಳ ಕ್ಯಾಂಟೀನಿಗೆ ಸರ್ಕಾರದ ಸಬ್ಸಿಡಿ ಇದೆ. ಸ್ಟೂಡೆಂಟ್ ಕಾರ್ಡ್ ತೋರಿಸಿದರೆ ಸುಮಾರು 3 ಯೂರೋಗೆ ಬಿಸಿ ಊಟ, ಸಲಾಡು, ಬ್ರೆಡ್ಡು. ಸಸ್ಯಾಹಾರಿ ತಟ್ಟೆ ಇದ್ದೇ ಇರುತ್ತದೆ. ಉಪ್ಪು ಖಾರ ಕೇಳಬೇಡಿ. ಚಟ್ನಿಪುಡಿ ಡಬ್ಬಿ ಬ್ಯಾಗಿನಲ್ಲೇ ಇರಲಿ.

ಅಮ್ಮ ತುಪ್ಪ ಕಟ್ಟಿಕೊಟ್ಟರೆ ಬೇಡ ಅನ್ನಿ. ಹೊರಗಿನಿಂದ ಹಾಲಿನ ಪದಾರ್ಥ ಯೂರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಪೇಡ, ಕುಂದವೂ ಇದರಲ್ಲೇ ಬಂತು. ಸಾರಿನಪುಡಿ, ಹುಳಿಪುಡಿ, ಹುಣಸೆಹಣ್ಣು ಒಯ್ಯಿರಿ. ಮಜ್ಜಿಗೆಗೆ ಅಲ್ಲಿ ಪೀಮ ಅನ್ನುತ್ತಾರೆ, ಹೆಚ್ಚುಕಮ್ಮಿ ನಮ್ಮದೇ. ಮೊಸರನ್ನಕ್ಕೆ ಬಾಸ್ಮತಿ ಹುಡುಕಬೇಡಿ. ಗಂಜಿಗೆ ಅಂತ ಮಾರುವ ಪೂರೋರೀಸಿ ಅಕ್ಕಿ ತನ್ನಿ, ಮುದ್ದೆಮುದ್ದೆಯಾಗಿ ಬೇಯುತ್ತದೆ. ನಾನು ವಾರಕ್ಕೆ ನಾಲ್ಕು ರಾತ್ರಿ ಅದನ್ನೇ ತಿಂದವನು.

ಸಾಗರದವರ ಮಾತಿಗೆ ಒಂದು ತಕರಾರು. ಕಿರ್ಪ್ಪಿಸ್‌ನಲ್ಲಿ ಜಾಕೆಟ್ ಸರಿ, ಬೂಟು ಬೇಡ. ನನ್ನದು ಮೂರನೇ ವಾರಕ್ಕೇ ಅಡಿ ಕಿತ್ತುಕೊಂಡು ಬಂತು. ಬೂಟಿಗೆ ಮಾತ್ರ ದುಡ್ಡು ಹಾಕಿ.

ಪೇಪರ್ ಕೆಲಸ ಮುಗಿಸಿ ಸುಸ್ತಾದವನು:

90 ದಿನ ದಾಟುವುದರಿಂದ ನಿಮಗೆ ವೀಸಾ ಅಲ್ಲ, ರೆಸಿಡೆನ್ಸ್ ಪರ್ಮಿಟ್ ಬೇಕು. ಖರ್ಚಿಗೆ ತಿಂಗಳಿಗೆ 800 ಯೂರೋ ಲೆಕ್ಕದಲ್ಲಿ ಖಾತೆಯಲ್ಲಿ ತೋರಿಸಬೇಕು. 1,20,000 ಯೂರೋವರೆಗೆ ಚಿಕಿತ್ಸೆ ಖರ್ಚು ಕೊಡುವ ವಿಮೆ ಬೇಕು. ಆಯ್ಕೆಯ ಪತ್ರ ಕೈಗೆ ಬಂದ ದಿನವೇ ಶುರು ಮಾಡಿ. ವಿದ್ಯಾರ್ಥಿ ವಸತಿಗೂ ಅವತ್ತೇ ಅರ್ಜಿ ಹಾಕಿ, ಔಲುವಿನಲ್ಲಿ ಅದನ್ನು ನೋಡಿಕೊಳ್ಳುವುದು ಪಿಎಸ್‌ಒಎಎಸ್ ಅನ್ನುವ ಸಂಸ್ಥೆ. ರೂಮಿನಲ್ಲಿ ಏನೇನಿದೆ ಅಂತ ಮೊದಲೇ ಕೇಳಿ. ನಾನು ರಾತ್ರಿ ಹನ್ನೊಂದಕ್ಕೆ ಬೀಗ ತೆಗೆದರೆ ಹಾಸಿಗೆಯೂ ಇರಲಿಲ್ಲ, ಬಲ್ಬೂ ಇರಲಿಲ್ಲ. ಜಾಕೆಟ್ ಹಾಸಿಕೊಂಡು ಮಲಗಿದೆ.

ಜನವರಿಯಲ್ಲಿ ಹೋದವಳು:

ಇನ್ನೂ ಬದಲಾಯಿಸುವ ಅವಕಾಶ ಇದ್ದರೆ ಜನವರಿ ಸೆಮಿಸ್ಟರ್ ಕೇಳಿ ನೋಡಿ. ಇಳಿದ ದಿನವೇ ಚಳಿ ಕೆನ್ನೆಗೆ ಬಾರಿಸುತ್ತದೆ ನಿಜ. ಆದರೆ ಫೆಬ್ರವರಿಯಲ್ಲಿ ದಿನಕ್ಕೆ ಆರೇಳು ನಿಮಿಷ ಬೆಳಕು ಜಾಸ್ತಿಯಾಗುತ್ತಾ ಹೋಗುತ್ತದೆ. ನೀವು ಹೋಗುವ ಸೆಮಿಸ್ಟರಿನಲ್ಲಿ ದಿನಾ ಅಷ್ಟಷ್ಟೇ ಕಳೆದುಕೊಳ್ಳುತ್ತೀರಿ.

ಭಾಷೆ ನಮಗೆ ಸ್ವಲ್ಪ ಸುಲಭ. ಬರೆದ ಹಾಗೇ ಓದುವುದು, ಪದದ ಕೊನೆಗೆ ವಿಭಕ್ತಿ ಅಂಟಿಸುವುದು. 'ಔಲುಸ್ಸ' ಅಂದರೆ ಔಲುವಿನಲ್ಲಿ. ದೀರ್ಘ ಮಾತ್ರ ನುಂಗಬೇಡಿ. 'ತಪಾನ್ ಸಿನುತ್' ಅಂದರೆ ನಿನ್ನನ್ನು ಭೇಟಿಯಾಗ್ತೀನಿ, 'ತಪನ್ ಸಿನುತ್' ಅಂದರೆ ನಿನ್ನನ್ನು ಕೊಲ್ತೀನಿ. ನಾನು ಎರಡನೆಯದನ್ನು ನಮ್ಮ ಟ್ಯೂಟರ್‌ಗೆ ಹೇಳಿದ್ದೆ. ಅವರು ಒಂದು ನಿಮಿಷ ಯೋಚಿಸಿ, "ಸರಿ, ಎಷ್ಟು ಗಂಟೆಗೆ?" ಅಂದರು.

ಮತ್ತೆ ದಾವಣಗೆರೆಯವರು:

ಅಮ್ಮನಿಗೆ ಓದಿ ಹೇಳಿದೆ. ಸ್ವೆಟರ್ ವಾಪಸ್ ಹೋಯಿತು. ತುಪ್ಪದ ಚರ್ಚೆ ಇನ್ನೂ ನಡೆಯುತ್ತಿದೆ. ಕುಕ್ಕರ್ ಒಯ್ಯಲಾ?

ಸಾಗರದವಳು:

ಒಯ್ಯಿರಿ. ಮೂರು ಲೀಟರಿನದು ಸಾಕು, ಅಡಿ ಇಂಡಕ್ಷನ್ ಒಲೆಗೆ ಆಗುವಂಥದ್ದಿರಲಿ. ಮೊದಲ ದಿನವೇ ಅಕ್ಕಪಕ್ಕದ ರೂಮಿನವರನ್ನು ಕರೆದು ಒಂದು ವಿಷಲ್ ಕೇಳಿಸಿಬಿಡಿ. ರಾತ್ರಿ ಹತ್ತರ ಮೇಲೆ ಮಾತ್ರ ಬೇಡ.