ಪದ ಬೇಕು: ವೈನಿನ ಮೇಲೆ ಕಟ್ಟುವ ಪದರ

ಗೆಳೆಯರೇ, ತುರ್ತು. ನಾಳೆ ಬೆಳಿಗ್ಗೆ ಒಂದು ಊಟದ ಕಾರ್ಡು ಅಚ್ಚಿಗೆ ಹೋಗಬೇಕು. ಅದರಲ್ಲಿ ಫ್ರಾನ್ಸಿನ ಜೂರಾ ಕಡೆಯ ಬಿಳಿ ವೈನೊಂದಿದೆ, ವ್ಯಾಂ ಜೋನ್. ಶಾತೋ-ಶಾಲೋಂ ಊರಿನದು, ಸಾವಾನ್ಯಾಂ ದ್ರಾಕ್ಷಿಯದು. ಪೀಪಾಯಿಯಲ್ಲಿ ಆರಿಹೋದಷ್ಟನ್ನು ಮತ್ತೆ ತುಂಬುವುದಿಲ್ಲ. ವೈನಿನ ಮೇಲೆ ಯೀಸ್ಟು ತೆಳ್ಳಗೆ ಕಟ್ಟಿಕೊಳ್ಳುತ್ತದೆ. ಅದರಡಿ 5 ವರ್ಷವಾದರೂ ಇರಲೇಬೇಕು. ಆ ಪದರಕ್ಕೆ ಅವರು ‘ವ್ವಾಲ್’ ಅನ್ನುತ್ತಾರೆ, ಮುಸುಕು ಅಂತ. ‘ಮುಸುಕಿನಡಿ ಮಾಗಿದ’ ಎಂದು ಬರೆದರೆ ಮುಸುಕಿನ ಜೋಳ ನೆನಪಾಗುತ್ತದೆ. ‘ಕೆನೆ’ ಸರಿಯೇ? ಗಾಳಿ ತಾಗಿ ಬರುವ ಅಕ್ರೋಟಿನಂಥ ವಾಸನೆಗೆ ‘ಕಮಟು’ ನಡೆಯುತ್ತದಾ?

ಉತ್ತರ:
ಕೆನೆ ಹಾಲಿನದು, ಬಿಡಿ. ಪೊರೆ ಅನ್ನಿ. ಈರುಳ್ಳಿಗಿದೆ, ಹಾವಿಗಿದೆ. ಕಮಟು ಅಂತೂ ಬೇಡವೇ ಬೇಡ. ಅದು ಕೆಟ್ಟ ಕೊಬ್ಬರಿಗೆ ಹೇಳುವ ಮಾತು. ಬಾಟಲಿ ವಾಪಸ್ ಬರುತ್ತದೆ.

ಉತ್ತರ:
ಪೊರೆ ಅಂದರೆ ಕಣ್ಣಾಸ್ಪತ್ರೆ. ಅದಿರಲಿ, ಹಳಗನ್ನಡದ ಪಾಲು ಹಾಲಾಯಿತು, ಪಾವು ಹಾವಾಯಿತು. ಪೊರೆ ಮಾತ್ರ ಯಾಕೆ ಹಾಗೇ ಉಳಿಯಿತು? ಇದಕ್ಕೆ ಉತ್ತರ ಸಿಗುವ ತನಕ ನಾನು ಒಪ್ಪುವುದಿಲ್ಲ. ಮೊದಲಿಗೆ ‘ವೈನ್’ ಯಾಕೆ? ಕಳ್ಳು ಅನ್ನೋ ಅಚ್ಚಗನ್ನಡ ಪದ ಸತ್ತಿದೆಯಾ?

ಉತ್ತರ:
ಕಳ್ಳು ಮರದ್ದು ಸ್ವಾಮಿ. ಮಾರನೇ ದಿನಕ್ಕೆ ಹುಳಿ. ಇದೇ ವ್ಯಾಂ ಜೋನಿನ 1774ರ ಬಾಟಲಿ 2018ರಲ್ಲಿ ಒಂದು ಲಕ್ಷ ಯೂರೋ ದಾಟಿ ಹರಾಜಾಯಿತು. ಆಮೇಲೆ ‘ಪೀಪಾಯಿ’ ಪೋರ್ಚುಗೀಸರದು, ‘ದ್ರಾಕ್ಷಿ’ ಸಂಸ್ಕೃತದ್ದು. ಅವನ್ನೂ ಹೊರಗೆ ಹಾಕುತ್ತೀರಾ? ಪೊರೆಯನ್ನು ಹೊರೆ ಮಾಡಿದರೆ ತಲೆ ಮೇಲೆ ಹೊರುವುದಾಗುತ್ತದೆ, ಅದಕ್ಕೇ ಉಳಿದಿರಬೇಕು.

ಉತ್ತರ:
ಜಗಳ ಆಮೇಲೆ. ನಾನು ಒಮ್ಮೆ ಕುಡಿದಿದ್ದೇನೆ. ಗ್ಲಾಸು ಮೂಗಿನ ಹತ್ತಿರ ತಂದ ಕೂಡಲೇ ಅಮ್ಮ ಸಾರಿನಪುಡಿಗೆ ಮೆಂತ್ಯ ಹುರಿಯುವಾಗಿನ ಘಮ! ಸುಮ್ನೆ ಹೇಳುತ್ತಿಲ್ಲ. ಮೆಂತ್ಯಕ್ಕೆ ಆ ವಾಸನೆ ಕೊಡುವ ಸೊಟೊಲೋನ್ ಈ ವೈನಲ್ಲೂ ಇದೆ. ನಾಲಿಗೆಗೆ ಮಾತ್ರ ಸಿಹಿಯೇ ಇಲ್ಲ, ಚುರುಕು ಹುಳಿ. ನುಂಗಿದ ಮೇಲೂ ಎಷ್ಟೋ ಹೊತ್ತು ಅಕ್ರೋಟು ಉಳಿಯುತ್ತದೆ. ಜಾಸ್ತಿ ತಣ್ಣಗೆ ಮಾಡಿದರೆ ಘಮ ಏಳುವುದಿಲ್ಲ, ಅದನ್ನೂ ಕಾರ್ಡಿನಲ್ಲಿ ಹಾಕಿ.

ಕೇಳಿದವರು:
‘ಪೊರೆಯಡಿ ಮಾಗಿದ, ಹುರಿದ ಮೆಂತ್ಯದ ಘಮದ ವೈನು’ ಎಂದು ಕಳಿಸಿದೆ. ಕಣ್ಣಾಸ್ಪತ್ರೆಯವರು ಕ್ಷಮಿಸಬೇಕು. ಕಳ್ಳಿನ ಚರ್ಚೆಯನ್ನು ದಯವಿಟ್ಟು ಬೇರೆ ಓಲೆಯಲ್ಲಿ ಮುಂದುವರಿಸಿ.