ಘಾಂಘರಿಯಾದಲ್ಲಿ ಎಷ್ಟು ರಾತ್ರಿ ಇರಬೇಕು? ಅಮ್ಮನ ಜೊತೆ ಹೋಗಿಬಂದವರು ಹೇಳಿ

ಜುಲೈ ಕೊನೆಗೆ ಅಮ್ಮನನ್ನು ಉತ್ತರಾಖಂಡದ ಹೂಗಳ ಕಣಿವೆಗೆ ಕರೆದುಕೊಂಡು ಹೋಗುವ ಆಸೆ. ಅವರಿಗೆ 64. ದಿನಾ ವಾಕಿಂಗ್ ಮಾಡ್ತಾರೆ, ಆದರೆ ಮಂಡಿ ನೋವಿದೆ. ಕಣಿವೆಗೆ ಹೋಗುವವರು ತಂಗುವ ಊರು ಘಾಂಘರಿಯಾ, ಅಲ್ಲಿ ಎರಡು ರಾತ್ರಿ ಸಾಕಾ? ಹೋದವರು ದಯವಿಟ್ಟು ಅನುಭವ ಹೇಳಿ.

ಉತ್ತರ 1
ಸಾಕಾಗಲ್ಲ, ಮೂರು ರಾತ್ರಿ ಇಟ್ಟುಕೊಳ್ಳಿ. ನಾವು ಎರಡೇ ರಾತ್ರಿ ಇದ್ದೆವು. ನಡುವಿನ ಆ ಒಂದು ದಿನ ಬೆಳಗಿನಿಂದ ಬಿಡದೆ ಮಳೆ. ನಮ್ಮಮ್ಮ ಕಣಿವೆಯ ಚೆಕ್‌ಪೋಸ್ಟ್‌ವರೆಗೆ ಬಂದು ಹಿಂತಿರುಗಿದರು. ಹೂ ನೋಡಲೆಂದೇ ಅಷ್ಟು ದೂರ ಬಂದವರು! ಆ ನೋವು ನನಗೆ ಇನ್ನೂ ಹೋಗಿಲ್ಲ.

ಗೋವಿಂದಘಾಟ್‌ನಿಂದ ಪುಲ್ನಾವರೆಗೆ ಜೀಪ್ ಸಿಗುತ್ತೆ. ಅಲ್ಲಿಂದ ಘಾಂಘರಿಯಾಗೆ ಸುಮಾರು 10 ಕಿ.ಮೀ. ಏರುದಾರಿ. ಅಷ್ಟಕ್ಕೆ ಹೇಸರಗತ್ತೆ ಮಾಡಿಬಿಡಿ, ಅಮ್ಮನ ಮಂಡಿಯ ಶಕ್ತಿ ಕಣಿವೆಗೆ ಉಳಿಯಲಿ. ಯಾಕಂದ್ರೆ ಕಣಿವೆ ರಾಷ್ಟ್ರೀಯ ಉದ್ಯಾನ, ಅದರ ಒಳಗೆ ಹೇಸರಗತ್ತೆ ಬಿಡಲ್ಲ, ತಂಗಲೂ ಬಿಡಲ್ಲ, ಒಂದು ಟೀ ಅಂಗಡಿಯೂ ಇಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಯೊಳಗೆ ವಾಪಸ್ ಬರಬೇಕು. ನಡೆಯಲಾಗದವರನ್ನು ಬೆನ್ನಿನ ಬುಟ್ಟಿಯಲ್ಲಿ ಕೂರಿಸಿಕೊಂಡು ಹೊರುವವರಿದ್ದಾರೆ, ಅದಕ್ಕೆ ಕಂಡಿ ಅಂತಾರೆ. ಹಿಂದಿನ ಸಂಜೆಯೇ ಮಾತಾಡಿಟ್ಟುಕೊಳ್ಳಿ.

ಉತ್ತರ 2
ಮೇಲಿನವರ ಮಾತು ನಿಜ. ಒಂದು ಸೇರಿಸ್ತೀನಿ: ಮೊದಲು ಕಣಿವೆ, ಆಮೇಲೆ ಹೇಮಕುಂಡ್ ಸಾಹಿಬ್ (ಸಿಖ್ಖರ ಯಾತ್ರಾಸ್ಥಳ). ಘಾಂಘರಿಯಾ ಇರೋದೇ ಸುಮಾರು 3,000 ಮೀಟರ್ ಎತ್ತರದಲ್ಲಿ, ಹೇಮಕುಂಡ್ 4,000 ದಾಟುತ್ತೆ. ಆರು ಕಿಲೋಮೀಟರಿನಲ್ಲಿ ಸಾವಿರ ಮೀಟರಿಗೂ ಹೆಚ್ಚು ಏರು! ನಾನು ಉಲ್ಟಾ ಮಾಡಿದ್ದೆ, ಮರುದಿನ ತಲೆನೋವು, ಕಾಲು ಎತ್ತಲಾಗದು. ಅಮ್ಮನಿಗೆ ಹಿಮಾಲಯದ ಬ್ರಹ್ಮಕಮಲ ನೋಡುವ ಆಸೆ ಇದ್ದರೆ ಮಾತ್ರ ಹೇಮಕುಂಡ್ ಸೇರಿಸಿ, ಆ ದಾರಿಗೆ ಹೇಸರಗತ್ತೆ ಸಿಗುತ್ತೆ. ರೂಮು ಸಿಗದಿದ್ದರೆ ಘಾಂಘರಿಯಾದ ಗುರುದ್ವಾರ ಇದೆ. ಕಂಬಳಿ ಕೊಡ್ತಾರೆ, ಲಂಗರ್‌ನಲ್ಲಿ (ಎಲ್ಲರಿಗೂ ಉಚಿತ ಊಟದ ಮನೆ) ಬಿಸಿ ಊಟ. ಮಳೆಯಲ್ಲಿ ನೆನೆದು ಬಂದವರಿಗೆ ಅಲ್ಲಿನ ಚಹಾ ಅಮೃತ.

ಉತ್ತರ 3
ಕಣಿವೆಯ ಶುರುವಿನಲ್ಲೇ ಫೋಟೊ ತೆಗೆದು ತಿರುಗಬೇಡಿ. ಪುಷ್ಪಾವತಿ ನದಿಯ ಸೇತುವೆ ದಾಟಿ, ಏರು ಮುಗಿದ ಮೇಲೆಯೇ ಬಯಲು ತೆರೆಯೋದು. ನಮ್ಮ ಕರ್ಣಕುಂಡಲದ ಬಳಗದ ಗುಲಾಬಿ ಹೂಗಳು ಅಲ್ಲಿ ಆಳೆತ್ತರ ಬೆಳೆದಿರುತ್ತವೆ. ನಮ್ಮತ್ತೆ ಹತ್ತಿರ ಹೋಗಿ ಮುಟ್ಟಿ ನೋಡಿ, "ಇದು ನಮ್ಮ ಹಿತ್ತಲಿಂದೇ ಕಣೇ" ಅಂತ ಕಣ್ಣು ತುಂಬಿಕೊಂಡರು.

ಕಾಲು ಒಪ್ಪಿದರೆ ಜೋನ್ ಮಾರ್ಗರೆಟ್ ಲೆಗ್ ಅವರ ಸಮಾಧಿಯವರೆಗೆ ಹೋಗಿ. 1939ರಲ್ಲಿ ಗಿಡಗಳ ಅಧ್ಯಯನಕ್ಕೆ ಬಂದು, ಇಲ್ಲೇ ಬಂಡೆಯಿಂದ ಜಾರಿ ತೀರಿಕೊಂಡ ಹೆಣ್ಣುಮಗಳು. ಕಲ್ಲನ್ನು ಆಮೇಲೆ ಅವರ ಸಹೋದರಿಯೇ ಬಂದು ಇಡಿಸಿದ್ದು. ನಾವಿಬ್ಬರೂ ಅಲ್ಲಿ ಸುಮ್ಮನೆ ಕೂತಿದ್ದೆವು.

ವಾಪಸಾಗುವಾಗ ಜೋಶಿಮಠ ಮತ್ತು ವಿಮಾನದ ನಡುವೆ ಒಂದು ದಿನ ಖಾಲಿ ಬಿಡಿ. ಮಳೆಗಾಲದಲ್ಲಿ ಗುಡ್ಡ ಜಾರಿ ರಸ್ತೆ ಮುಚ್ಚುತ್ತೆ, ನಾವು ಏಳು ಗಂಟೆ ಕಾದಿದ್ದೇವೆ.