‘ದಾವಣಗೆರೆ’ ಸರಿ ಕಾಣುತ್ತೆ, ‘ಓಬವ್ವ’ನ ಒತ್ತು ಕತ್ತರಿಸಿ ಹೋಗುತ್ತೆ – ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ಚಿತ್ರದುರ್ಗದಲ್ಲಿ ಹೈಸ್ಕೂಲ್ ಟೀಚರ್ ನಾನು. ಶಾಲೆಯ ಸ್ಮರಣ ಸಂಚಿಕೆಗೆ ಲೇಖನಗಳನ್ನ ಮನೆಯ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ, ವಿಎಸ್ ಕೋಡ್ ಅನ್ನೋ ಎಡಿಟರ್‌ನಲ್ಲಿ ಟೈಪ್ ಮಾಡಿ, ಪೆನ್‌ಡ್ರೈವ್‌ಗೆ ಹಾಕ್ಕೊಂಡು ದಾವಣಗೆರೆಯ ಡಿಟಿಪಿ ಸೆಂಟರ್‌ಗೆ ತರ್ತೀನಿ. ಅಲ್ಲಿರೋದು ವಿಂಡೋಸ್ ಅಲ್ಲ, ಲಿನಕ್ಸ್. ಎಡಿಟರ್ ಅದೇ, ಫೈಲೂ ಅದೇ. ಆದ್ರೂ ಅಕ್ಷರ ಸಣಕಲು, ‘ಓಬವ್ವ’ದ ವ-ಒತ್ತಿನ ಬುಡವೇ ಕಾಣಲ್ಲ. ‘ದಾವಣಗೆರೆ’ ಮಾತ್ರ ಸರಿಯಾಗಿದೆ! ಫೈಲ್ ಕೆಟ್ಟಿದೆಯಾ? 40 ಪುಟ ಮತ್ತೆ ಟೈಪ್ ಮಾಡ್ಬೇಕಾ?

ಉತ್ತರ: ಬೇಡ ಮೇಡಂ, ಒಂದಕ್ಷರವನ್ನೂ ಮತ್ತೆ ಟೈಪ್ ಮಾಡ್ಬೇಡಿ. ಸೆಂಟರ್‌ನ ಕಂಪ್ಯೂಟರ್‌ನಲ್ಲಿ ಕಂಟ್ರೋಲ್-ಎಫ್ ಒತ್ತಿ ‘ಓಬವ್ವ’ ಅಂತ ಹುಡುಕಿ. ಸಿಕ್ಕರೆ ಫೈಲ್ ಗಟ್ಟಿಯಾಗಿದೆ, ಕಾಣೋ ರೂಪ ಮಾತ್ರ ಬೇರೆ.

ಬರೀ ಪಠ್ಯದ ಫೈಲಿನಲ್ಲಿ ಇರೋದು ಅಕ್ಷರಗಳ ಯೂನಿಕೋಡ್ ಸಂಖ್ಯೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಗುರುತು), ಫಾಂಟ್ ಅಂದ್ರೆ ಅಕ್ಷರದ ಆಕಾರ ಅಲ್ಲ. ವಿಂಡೋಸ್‌ನಲ್ಲಿ ವಿಎಸ್ ಕೋಡ್ ಮೊದಲು ಕೇಳೋದು ಕನ್ಸೋಲಾಸ್ ಫಾಂಟನ್ನ. ಅದರಲ್ಲಿ ಕನ್ನಡವೇ ಇಲ್ಲ. ಆಗ ಆ ಕಂಪ್ಯೂಟರ್‌ನಲ್ಲಿರೋ ಬೇರೆ ಕನ್ನಡ ಫಾಂಟನ್ನ ಎರವಲು ತಗೊಳ್ಳುತ್ತೆ. ವಿಂಡೋಸ್ 8ರಿಂದ ಈಚೆಗೆ ಅದು ಸಾಮಾನ್ಯವಾಗಿ ನಿರ್ಮಲಾ ಯುಐ. ಲಿನಕ್ಸ್‌ನಲ್ಲಿ ಲೋಹಿತ್ ಇರಬಹುದು, ನೋಟೋ ಇರಬಹುದು. ನೀವು ಮನೆಯಲ್ಲಿ ಕನ್ನಡ ಫಾಂಟನ್ನ ಆರಿಸಿಯೇ ಇಲ್ಲ, ಅದು ತಾನಾಗಿ ಬಂದದ್ದು. ಅದಕ್ಕೇ ಅಲ್ಲಿ ಬದಲಾಯಿತು.

ಹಾಗಾಗಿ ಎರಡೂ ಕಡೆ ನೋಟೋ ಸ್ಯಾನ್ಸ್ ಕನ್ನಡ ಹಾಕಿ, ಅದು ಉಚಿತ. ಸೆಟ್ಟಿಂಗ್ಸ್‌ನ ‘ಫಾಂಟ್ ಫ್ಯಾಮಿಲಿ’ಯಲ್ಲಿ ಮೊದಲು ಇಂಗ್ಲಿಷ್ ಫಾಂಟ್, ಅಲ್ಪವಿರಾಮ, ಆಮೇಲೆ ಇದರ ಹೆಸರು. ಹೆಸರಲ್ಲಿ ಖಾಲಿ ಜಾಗ ಇರೋದ್ರಿಂದ ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೀಬೇಕು. ಕಾಗುಣಿತ ಒಂದು ತಪ್ಪಿದ್ರೂ ಎಡಿಟರ್ ಏನೂ ಹೇಳದೆ ಮತ್ತೆ ಎರವಲಿಗೇ ಹೋಗುತ್ತೆ, ಜನ ಎಡವೋದು ಇಲ್ಲೇ. ಒತ್ತು ಕತ್ತರಿಸೋದಕ್ಕೆ ‘ಲೈನ್ ಹೈಟ್’ (ಸಾಲಿನ ಎತ್ತರ) 1.8 ಇಡಿ.

‘ದಾವಣಗೆರೆ’ಯಲ್ಲಿ ಒಂದೂ ಒತ್ತಿಲ್ಲ, ಅದಕ್ಕೇ ಬಚಾವ್. ಪರೀಕ್ಷೆಗೆ ನಿಮ್ಮೂರಿನ ಹೆಸರೇ ಒಳ್ಳೇದು. ‘ಚಿತ್ರದುರ್ಗ’ದಲ್ಲಿ ಕೆಳಗೆ ರ-ಒತ್ತೂ ಇದೆ, ಪಕ್ಕದಲ್ಲಿ ಅರ್ಕಾವತ್ತೂ ಇದೆ.

ಮತ್ತೆ ಪ್ರಶ್ನೆ: ಸರಿಹೋಯ್ತು ಸರ್, ತುಂಬಾ ಉಪಕಾರ! ಆದ್ರೆ ನಮ್ಮ ನಿವೃತ್ತ ಮೇಷ್ಟ್ರು ಕೊಟ್ಟ ಒಂದು ಲೇಖನ ಎರಡೂ ಕಡೆ ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಏನೇನೋ ಗೆರೆ. ಅವರದ್ದು ಹಳೇ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದಂತೆ.

ಉತ್ತರ: ಅದು ಬೇರೆ ಕಥೆ ಮೇಡಂ. ಹಳೇ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಇಟ್ಟಿದ್ದವು. ಆ ಫಾಂಟ್ ತೆಗೆದ್ರೆ ಕೆಳಗಿರೋ ಇಂಗ್ಲಿಷೇ ಕಾಣುತ್ತೆ. ನೋಟೋ ಹಾಕಿದ್ರೆ ಸರಿಹೋಗಲ್ಲ, ಆ ಹಳೇ ಸಂಕೇತದಿಂದ (ಆಸ್ಕಿ ಅಂತಾರೆ) ಯೂನಿಕೋಡ್‌ಗೆ ಪರಿವರ್ತಿಸಬೇಕು. ಮೂಲ ಪ್ರತಿ ಬೇರೆ ಇಟ್ಟು ಮಾಡಿ. ಉಳಿಸುವಾಗ ಯುಟಿಎಫ್-8 (ಯೂನಿಕೋಡ್ ಉಳಿಸೋ ವಿಧಾನ) ಅಂತಲೇ ಉಳಿಸಿ. ನೋಟ್‌ಪ್ಯಾಡ್‌ನಲ್ಲಿ ತಪ್ಪಿ ಆನ್ಸಿ (ಕನ್ನಡಕ್ಕೆ ಜಾಗವಿಲ್ಲದ ಹಳೇ ವಿಧಾನ) ಅಂತ ಉಳಿಸಿದ್ರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತೆ, ಆ ಫೈಲಿನಿಂದ ಮತ್ತೆ ಅಕ್ಷರ ತೆಗೆಯೋಕಾಗಲ್ಲ. ಪರಿವರ್ತನೆ ಆದಮೇಲೆ ಅರ್ಕಾವತ್ತಿನ ಪದಗಳನ್ನ ಮೇಷ್ಟ್ರ ಹತ್ರವೇ ಒಮ್ಮೆ ಓದಿಸಿ.